ಉಣ್ಣೆಯ ಬಣ್ಣವೂ ಹೊಳೆಯ ನೀರೂ

ತಣ್ಣೀರಿನಲ್ಲಿ ಅದ್ದಿದರೆ ಉಣ್ಣೆಗೆ ಬಣ್ಣ ಸರಿಯಾಗಿ ಹಿಡಿಯದೆಂಬುದು ಬಣ್ಣಗಾರರ ಬಹುಕಾಲದ ಅನುಭವ. ಆದುದರಿಂದ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಆಮ್ಲ ಬೆರೆಸಿದ ಬಣ್ಣದ ನೀರನ್ನು ಕುದಿಯುವ ಮಟ್ಟಕ್ಕೆ ತಂದು, ಉಣ್ಣೆಯನ್ನು ಸುಮಾರು ಒಂದು ಗಂಟೆಯ ಕಾಲ ಅದರಲ್ಲಿ ಇಡುತ್ತಾರೆ. ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ, ನಿಜ. ಆದರೆ ಎಳೆಯ ಬಲ ಕುಂದುತ್ತದೆ, ಇಂಧನವೂ ಬಹಳ ವ್ಯಯವಾಗುತ್ತದೆ.

ಇಷ್ಟೊಂದು ಶಾಖವೇಕೆ ಬೇಕು? ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಹೊದೆದ ಚಕ್ಕೆಗಳು ಕಾಣುತ್ತವೆ. ಅವುಗಳ ಮೇಲ್ಮೈಗೆ ಕೊಬ್ಬಿನ ಆಮ್ಲದ ತೆಳುಪದರವೊಂದು ರಾಸಾಯನಿಕ ಬಂಧದಿಂದ ಅಂಟಿಕೊಂಡಿದೆ; ಅದು ನೀರನ್ನು ಹತ್ತಿರ ಸೇರಿಸದು. ಚಕ್ಕೆಗಳಲ್ಲಿರುವ ಪ್ರೋಟೀನಿನ ಸರಪಳಿಗಳನ್ನೋ ಗಂಧಕದ ಬಂಧಗಳು ಬಿಗಿದಿವೆ. ಬಣ್ಣದ ಅಣುಗಳು ಈ ತಡೆಯನ್ನು ದಾಟಿ ಒಳಹೋಗಬೇಕಾದರೆ ಶಾಖದ ನೂಕು ಬೇಕು.

ತಡೆಯನ್ನೇ ಮೊದಲು ಸಡಿಲಿಸಿದರೆ? ಪೂರ್ವಸಂಸ್ಕಾರದ ತತ್ತ್ವ ಇದೇ. ಕ್ಲೋರಿನ್ ಸಂಯುಕ್ತಗಳಿಂದ ಸಂಸ್ಕರಿಸಿದಾಗ ಕೊಬ್ಬಿನ ಪದರ ಕಳಚುತ್ತದೆ, ಚಕ್ಕೆಗಳ ಗಂಧಕದ ಬಂಧಗಳು ಮುರಿಯುತ್ತವೆ. ಬಣ್ಣವು ಕುದಿಬಿಂದುವಿಗಿಂತ ಕೆಳಗೇ ಬೇಗನೆ ಹತ್ತುತ್ತದೆ.

ಲಾಭವನ್ನು ಲೆಕ್ಕ ಹಾಕೋಣ. ಒಂದು ಕಿಲೋಗ್ರಾಂ ಉಣ್ಣೆಗೆ 20 ಕಿಲೋಗ್ರಾಂ ನೀರು ಬೇಕೆಂದಿಟ್ಟುಕೊಳ್ಳಿ. ಆ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಲು 1500 ಕಿಲೋಕ್ಯಾಲೊರಿ ಶಾಖ ಬೇಕು. 80 ಡಿಗ್ರಿಯೇ ಸಾಕೆಂದಾದರೆ 1100. ಉಳಿತಾಯ ಕಾಲುಭಾಗಕ್ಕಿಂತ ಹೆಚ್ಚು!

ಆದರೆ ಲೆಕ್ಕವನ್ನು ಇಲ್ಲಿಗೇ ಮುಗಿಸುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಈ ಸಂಸ್ಕಾರದ ಕೊಳೆನೀರಿನಲ್ಲಿ ಸಾವಯವ ಕ್ಲೋರಿನ್ ಸಂಯುಕ್ತಗಳು ಸೇರಿರುತ್ತವೆ. ಅವುಗಳಲ್ಲಿ ಕೆಲವು ಜಲಚರಗಳಿಗೆ ವಿಷ. ಬೇಗ ಕೊಳೆತು ನಾಶವಾಗುವವೂ ಅಲ್ಲ. ಒಲೆಯಲ್ಲಿ ಉಳಿಸಿದುದನ್ನು ಹೊಳೆಯಲ್ಲಿ ಕಳೆದರೆ ಅದನ್ನು ಉಳಿತಾಯವೆನ್ನಬಹುದೇ?

ಬೇರೆ ದಾರಿಗಳಿಲ್ಲದಿಲ್ಲ. ಪರ್‌ಮಾನೊಸಲ್ಫೇಟ್ ಎಂಬುದು ಕ್ಲೋರಿನ್ನಿಲ್ಲದ ಉತ್ಕರ್ಷಕ. ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ವಿದ್ಯುತ್ ವಿಸರ್ಜನೆಯಿಂದ ಹುಟ್ಟುವ ಪ್ಲಾಸ್ಮಾ ನೀರಿನ ನೆರವಿಲ್ಲದೆಯೇ ಮೇಲ್ಮೈಯನ್ನು ಮಾರ್ಪಡಿಸುತ್ತದೆ. ಇವು ದೋಷರಹಿತವೆಂದು ನಾವು ಹೇಳುವುದಿಲ್ಲ. ಕಿಣ್ವ ಮಿತಿಮೀರಿದರೆ ಎಳೆಯನ್ನೇ ತಿನ್ನುತ್ತದೆ. ಪ್ಲಾಸ್ಮಾಕ್ಕೆ ಬೆಲೆಬಾಳುವ ಯಂತ್ರ ಬೇಕು. ಬಣ್ಣ ಬೇಗ ಹತ್ತಿದಷ್ಟೂ ಮಚ್ಚೆಮಚ್ಚೆಯಾಗುವ ಭಯ ಎಲ್ಲ ವಿಧಾನಗಳಲ್ಲಿಯೂ ಉಂಟು. ಆದರೆ ಈ ತೊಡಕುಗಳು ಬಹುಮಟ್ಟಿಗೆ ಕಾರ್ಖಾನೆಯ ಗೋಡೆಯೊಳಗೇ ಉಳಿಯುವಂಥವು. ಕ್ಲೋರಿನ್ನಿನ ಕೇಡು ಗೋಡೆ ದಾಟಿ ಅನ್ಯರು ಕುಡಿಯುವ ನೀರಿನತ್ತ ಹರಿಯುವಂಥದು. ಆದುದರಿಂದ ಖರ್ಚು ತುಸು ಹೆಚ್ಚಾದರೂ ಮೊದಲಿನವನ್ನೇ ಆರಿಸಬೇಕೆಂದು ನಾವು ವಾದಿಸುತ್ತೇವೆ.

ವಿದ್ಯಾರ್ಥಿಮಿತ್ರರು ಪ್ರಯೋಗಶಾಲೆಯಲ್ಲಿ ಶಾಖದ ಲೆಕ್ಕ ಬರೆಯುವಾಗ ಪಾತ್ರೆಯಿಂದ ಹೊರಗೆ ಸೋರಿದುದನ್ನೂ ಸೇರಿಸುತ್ತಾರೆ. ನಾಳೆ ಕಾರ್ಖಾನೆಗಳನ್ನು ನಡೆಸುವ ಹೊಣೆ ಅವರ ಮೇಲೆ ಬಿದ್ದಾಗಲೂ ಆ ಅಭ್ಯಾಸವನ್ನು ಬಿಡದಿರಲಿ.