ಕುಣಿಸಲು ದುಡ್ಡು, ನಿಲ್ಲದಿದ್ದರೆ ಏಟು: ಎಳೆ ಕುದುರೆ ಮಾಡಿದ ತಪ್ಪೇನು?

ಮದುವೆ ಸೀಜನ್ ಶುರುವಾದರೆ ಸಾಕು, ಹಲಬರ್ಗಾದಿಂದ ಔರಾದ್‌ವರೆಗೆ ಒಂದೇ ದೂರು: ‘ಕುದುರಿ ನಿಲ್ಲಂಗಿಲ್ರೀ.’ ಮದುಮಗ ಕಾಲು ಎತ್ತಿದ ಕೂಡಲೇ ಅದು ಮುಂದೆ ಹೋಗುತ್ತದೆ. ಹತ್ತಿ ಕೂತರೆ ಗಿರಗಿರ ತಿರುಗುತ್ತದೆ. ಹನುಮಾನ್ ಗುಡಿ ಮುಂದೆ ಎರಡು ನಿಮಿಷ ನಿಲ್ಲಿಸಿ ಕಾಯಿ ಒಡೆಯೋಣ ಎಂದರೆ ನೆಲ ಕೆರೆಯುತ್ತದೆ, ಮುಂಗಾಲು ಎತ್ತುತ್ತದೆ. ಆಗ ಎಲ್ಲರೂ ಸೇರಿ ಕೊಡುವ ತೀರ್ಪು: ‘ಭಾಳ ಬದ್ಮಾಶ್ ಅದ.’ ಲಗಾಮು ಹಿಡಿದವನು ಬಾಯಿ ಹರಿಯುವಂತೆ ಜಗ್ಗುತ್ತಾನೆ. ಹಿಂದಿನಿಂದ ಇನ್ಯಾರೋ ಒಂದು ಏಟು ಹಾಕುತ್ತಾರೆ.

ಬದ್ಮಾಶ್ ಕುದುರೆಯಲ್ಲ. ನಿಲ್ಲುವುದನ್ನೇ ಕಲಿಸದ ಎಳೆ ಪ್ರಾಣಿಯ ಮೇಲೆ ಮದುಮಗನನ್ನು ಕೂರಿಸಿ, ಅವನ ಮುಂದೆ ಸಣ್ಣ ಮಗುವೊಂದನ್ನೂ ಕೂರಿಸಿ, ಪಕ್ಕದಲ್ಲೇ ಡಿಜೆ ಹಚ್ಚುವವರು ನಾವು. ತಪ್ಪು ನಮ್ಮದು, ಏಟು ಅದಕ್ಕೆ.

ಒಂದು ಮಾತು ನೆನಪಿಡಿ. ಕುದುರೆಗೆ ಕೊಂಬಿಲ್ಲ. ಹೆದರಿಕೆಯಾದರೆ ಅದಕ್ಕೆ ಗೊತ್ತಿರುವ ಮೊದಲ ದಾರಿ ಓಟ. ಕಣ್ಣು ತಲೆಯ ಎರಡೂ ಬದಿಗೆ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಕಾಣದಿರುವುದು ಮೂಗಿನ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ. ಬಾರಾತ್‌ನಲ್ಲಿ ನಮ್ಮ ಹುಡುಗರು ಸರಿಯಾಗಿ ಆ ಎರಡು ಜಾಗದಿಂದಲೇ ಬರುತ್ತಾರೆ. ಮುಂದಿನಿಂದ ಮೊಬೈಲ್ ಹಿಡಿದು, ಹಿಂದಿನಿಂದ ಪಟಾಕಿ ಹಚ್ಚಿ. ಓಡಲು ದಾರಿ ಇಲ್ಲ, ಬಾಯಲ್ಲಿ ನೋವು, ಪಕ್ಕೆಗೆ ಮದುಮಗನ ಕಾಲಿನ ಒತ್ತು. ಮುಂದೆ ಹೋಗಲಾಗದ ಕುದುರೆ ಮೇಲೆ ಏಳುತ್ತದೆ. ಅದನ್ನು ನಾವು ಪೊಗರು ಎನ್ನುತ್ತೇವೆ.

ಇನ್ನು ವಯಸ್ಸಿನ ಮಾತು. ಗಡಿ ಆಚೆ ನಾಂದೇಡ್ ಜಿಲ್ಲೆಯ ಮಾಳೆಗಾಂವ್‌ನಲ್ಲಿ ಖಂಡೋಬಾ ಜಾತ್ರೆ ನಡೆಯುತ್ತದೆ. ಕುದುರೆ, ಕತ್ತೆ, ಒಂಟೆಗಳ ವ್ಯಾಪಾರಕ್ಕೆ ಹೆಸರಾದ ಜಾತ್ರೆ ಅದು. ಇಂಥ ಜಾತ್ರೆಗಳಲ್ಲಿ ಪಳಗಿದ ಕುದುರೆ ದುಬಾರಿ, ಎಳೆಯದು ಅಗ್ಗ. ಅಗ್ಗದ್ದನ್ನು ತಂದು, ಮೈ ತೊಳೆದು, ಜರಿ ಹೊದಿಸಿದರೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಹಲ್ಲು ಸುಳ್ಳು ಹೇಳುವುದಿಲ್ಲ. ಕುದುರೆಯ ಮುಂದಿನ ಹಾಲುಹಲ್ಲು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು ಬಿದ್ದು ಹೊಸ ಹಲ್ಲು ಬರುತ್ತವೆ. ಬೆನ್ನೆಲುಬು ಪೂರ್ತಿ ಬಲಿಯುವುದು ಅದಕ್ಕೂ ತಡ, ಐದೂವರೆ ಆರು ವರ್ಷಕ್ಕೆ. ಬಾಯಲ್ಲಿ ಇನ್ನೂ ಹಾಲುಹಲ್ಲು ಇರುವ ಮರಿಯ ಬೆನ್ನ ಮೇಲೆ ಇಬ್ಬರನ್ನು ಕೂರಿಸಿ ಮೂರು ತಾಸು ಊರು ಸುತ್ತಿಸಿದರೆ ಅದು ಎಲ್ಲಿ ನಿಂತೀತು? ಬೆನ್ನು ನೋಯುವ ಪ್ರಾಣಿಗೆ ನಿಲ್ಲುವುದೇ ಶಿಕ್ಷೆ.

ಎಲ್ಲಕ್ಕಿಂತ ದೊಡ್ಡ ವಿಚಿತ್ರ ಇನ್ನೊಂದಿದೆ. ಕುಣಿಯುವ ಕುದುರೆಗೆ ನಾವು ಹೆಚ್ಚು ದುಡ್ಡು ಕೊಡುತ್ತೇವೆ. ಬಡಿತಕ್ಕೆ ಸರಿಯಾಗಿ ಕಾಲು ಎತ್ತಿಹಾಕುವ ಕುದುರೆಗೆ ಶಿಳ್ಳೆ ಹೊಡೆದು ನೋಟು ಹಾರಿಸುತ್ತೇವೆ. ವಾದ್ಯ ಕೇಳಿದರೆ ನಿಲ್ಲಬಾರದು ಎಂದು ದುಡ್ಡು ಕೊಟ್ಟು ಕಲಿಸಿದವರು ನಾವು. ಅದೇ ವಾದ್ಯದ ಮುಂದೆ ‘ನಿಲ್ಲು’ ಎಂದು ಹೊಡೆಯುವವರೂ ನಾವೇ.

ಈ ಮಾತು ಬೇರೆ ಊರಿನವರು ಹೇಳಿದ್ದರೆ ಬಿಡಬಹುದಿತ್ತು. ಬೀದರ್ ಕುದುರೆ ಬಲ್ಲ ಸೀಮೆ. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಹಡಗಿನಲ್ಲಿ ತಂದು ಕೊನೆಗೆ ಮಾರಿದ್ದು ಇದೇ ಬೀದರಿನಲ್ಲಿ. ಬೀದರಿನಿಂದ ಹನ್ನೆರಡು ಕೋಸು ದೂರದ ಸಂತೆಗೆ 20 ಸಾವಿರದಷ್ಟು ಕುದುರೆ ಬರುತ್ತಿದ್ದವೆಂದು ಅವನು ಬರೆದಿದ್ದಾನೆ. ಅದು ಆಳಂದದ ಸಂತೆ ಎಂದು ಗುರುತಿಸುತ್ತಾರೆ. ನಮ್ಮ ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಪೂಜೆಗೊಳ್ಳುವ ಮೈಲಾರ ಮಲ್ಲಣ್ಣನ ವಾಹನವೂ ಕುದುರೆಯೇ. ದೇವರ ಕುದುರೆಗೆ ಭಂಡಾರ ಹಾಕಿ ಕೈಮುಗಿದು ಬಂದು, ಮನೆ ಮುಂದಿನ ಕುದುರೆಯ ಬಾಯಿ ಹರಿಯುವುದು ಯಾವ ಭಕ್ತಿ?

ಹಾಗಾದರೆ ನಿಲ್ಲುವುದನ್ನು ಕಲಿಸುವುದು ಹೇಗೆ? ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ತಿಂಗಳುಗಟ್ಟಲೆ ದಿನಾ ಬೇಕು.

ಮೊದಲು ನೆಲದ ಮೇಲೆ. ಹಗ್ಗ ಸಡಿಲ ಹಿಡಿದು ಒಂದು ಜಾಗದಲ್ಲಿ ನಿಲ್ಲಿಸಿ, ಐದು ಎಣಿಸಿ. ನಿಂತರೆ ಕುತ್ತಿಗೆ ಕೂದಲು ಮುಗಿದು ಹೆಗಲು ಶುರುವಾಗುವ ಜಾಗದಲ್ಲಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳುವುದು ಅಲ್ಲೇ. ಬೆನ್ನು ತಟ್ಟುವುದಕ್ಕಿಂತ ಅದು ಹಿತ. ಜಾಗ ಬಿಟ್ಟರೆ ಬೈಯದೆ, ಹೊಡೆಯದೆ, ಅದೇ ಜಾಗಕ್ಕೆ ವಾಪಸ್ ತನ್ನಿ.

ಆಮೇಲೆ ಹತ್ತುವುದು. ರಿಕಾಪಿಗೆ ಕಾಲಿಟ್ಟಾಗ ಹೆಜ್ಜೆ ಹಾಕಿತೋ, ಕಾಲು ತೆಗೆದು ಮತ್ತೆ ಮೊದಲಿನಿಂದ ಶುರುಮಾಡಿ. ಹತ್ತಿ ಕೂತ ಕೂಡಲೇ ಹೊರಡಬೇಡಿ. ಬಹಳ ಕುದುರೆಗಳು ನಿಲ್ಲದಿರಲು ಕಾರಣವೇ ಇದು. ‘ಕೂತರು ಎಂದರೆ ಹೊರಡಬೇಕು’ ಎಂದು ನಾವೇ ರೂಢಿ ಮಾಡಿಸಿರುತ್ತೇವೆ. ಕೂತು ಇಪ್ಪತ್ತು ಎಣಿಸಿ, ಆಮೇಲೆ ಹೊರಡಿ.

ಸವಾರಿಯಲ್ಲಿ ನಿಲ್ಲಿಸುವ ಪಾಠ ಕೆಲಸದ ಕೊನೆಗೆ ಇಟ್ಟುಕೊಳ್ಳಿ, ಸ್ವಲ್ಪ ದಣಿದಾಗ. ಮುಖ ಮನೆ ಕಡೆಗೆ ಇರಬಾರದು. ನಿಂತ ಕ್ಷಣಕ್ಕೆ ಲಗಾಮು ಸಡಿಲಿಸಿ. ಆ ಸಡಿಲವೇ ಅದಕ್ಕೆ ಸಿಗುವ ಕೂಲಿ. ನಿಂತ ಮೇಲೂ ಬಿಗಿ ಹಿಡಿದರೆ ನಿಂತು ಏನು ಪ್ರಯೋಜನ ಎಂದು ಅದು ಕಲಿಯುತ್ತದೆ. ಚಡಪಡಿಸಿದರೆ ಎರಡೂ ಕಡೆ ಜಗ್ಗಬೇಡಿ. ಒಂದೇ ಕಡೆ ಲಗಾಮಿನಿಂದ ಸಣ್ಣ ಸುತ್ತು ತಿರುಗಿಸಿ, ಅದೇ ಜಾಗಕ್ಕೆ ತಂದು ಮತ್ತೆ ಸಡಿಲಿಸಿ. ತಿರುಗುವುದು ಕೆಲಸ, ನಿಲ್ಲುವುದು ಆರಾಮ ಎಂದು ಅದಕ್ಕೇ ತಿಳಿಯಬೇಕು. ಮುಖ್ಯ ಗುಟ್ಟು: ಅದು ತಾಳ್ಮೆ ಕಳೆದುಕೊಳ್ಳುವ ಮುಂಚೆಯೇ ನೀವು ‘ನಡಿ’ ಎನ್ನಬೇಕು. ಇಂದು ಐದು ಎಣಿಕೆ, ವಾರದ ಮೇಲೆ ಹತ್ತು, ತಿಂಗಳಿಗೆ ಒಂದು ನಿಮಿಷ.

ವಾದ್ಯದ ಅಭ್ಯಾಸವೂ ಹಾಗೆಯೇ. ಮೊದಲು ದೂರದ ಹಲಗೆ ಸದ್ದು, ಅದನ್ನು ಕೇಳುತ್ತಲೇ ಕುದುರೆ ಮೇವು ತಿನ್ನುವಷ್ಟು ದೂರ. ದಿನದಿನಕ್ಕೆ ಹತ್ತಿರ. ಮೇವು ಬಿಟ್ಟು ಕಿವಿ ನಿಗುರಿಸಿದರೆ ನಾಲ್ಕು ಹೆಜ್ಜೆ ಹಿಂದೆ.

ಇನ್ನೊಂದು ಮಾತು ದಾಣಿಯದು. ಸೀಜನ್ ಇಲ್ಲದಾಗ ದಿನವಿಡೀ ಗೂಟಕ್ಕೆ ಕಟ್ಟಿ, ಕಡಲೆ ಮೇಲೆ ಕಡಲೆ ತಿನ್ನಿಸಿ, ಮದುವೆ ದಿನ ಒಮ್ಮೆಲೇ ಬಿಚ್ಚಿದರೆ ಅದು ನಿಲ್ಲುವುದಿಲ್ಲ. ಕೆಲಸ ಇಲ್ಲದ ದಿನ ಕಾಳು ಕಡಿಮೆ, ಕಣಿಕೆ, ಹುಲ್ಲು ಜಾಸ್ತಿ, ದಿನಾ ಒಂದಿಷ್ಟು ತಿರುಗಾಟ. ಇಷ್ಟೇ.

‘ಇಷ್ಟೆಲ್ಲ ಮಾಡಲು ಟೈಮ್ ಎಲ್ಲಿದೆ? ಕುದುರೆ ದುಡಿದರೆ ಮನೆ ನಡೆಯುತ್ತದೆ’ ಎಂದು ಕುದುರೆ ಸಾಕುವವರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದೆ. ಮದುವೆ ಮುಹೂರ್ತ ವರ್ಷದಲ್ಲಿ ಕೆಲವೇ ದಿನ, ಕುದುರೆ ತಿನ್ನುವುದು 365 ದಿನ. ಆದರೆ ಮುಹೂರ್ತ ಇಲ್ಲದ ತಿಂಗಳುಗಳು ಇರುವುದು ಯಾವುದಕ್ಕೆ? ಕಲಿಸಲು ಆಗ ಸಮಯವಿದೆ. ಒಮ್ಮೆ ಮಗು ಬಿದ್ದರೆ, ಒಮ್ಮೆ ಯಾರದೋ ಎದೆಗೆ ಒದೆ ಬಿದ್ದರೆ ಆ ಊರಿನ ಬಾಡಿಗೆ ಶಾಶ್ವತವಾಗಿ ಹೋದಂತೆ.

‘ಹಾಗಾದರೆ ಕುದುರೆಯೇ ಬೇಡ, ಕಾರು ತರೋಣ’ ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ದಲಿತ ಮದುಮಗ ಕುದುರೆ ಏರಿದ್ದಕ್ಕೆ ಕಲ್ಲು ತೂರಿದ ಸುದ್ದಿ ಈ ದೇಶದಲ್ಲಿ ಇಂದಿಗೂ ಬರುತ್ತದೆ. ಕುದುರೆ ಏರುವುದು ಎಷ್ಟೋ ಮನೆಗಳಿಗೆ ಹೋರಾಡಿ ಪಡೆದ ಮರ್ಯಾದೆ. ಅದನ್ನು ಬಿಡಿ ಎನ್ನಲು ನಾನ್ಯಾರು? ಏರಿ, ಧಾರಾಳವಾಗಿ ಏರಿ. ಕಲಿತ ಕುದುರೆ ಏರಿ.

‘ಮುಳ್ಳಿನ ಕಡಿವಾಣ ಹಾಕಿದರೆ ಗಪ್ ನಿಲ್ತದ’ ಎನ್ನುವವರಿಗೆ ಕಾನೂನೇ ಉತ್ತರ. ಮುಳ್ಳು, ಗಂಟು, ಚೂಪು ಇರುವ ಕಡಿವಾಣ ಬಳಸಬಾರದೆಂದು ಕೇಂದ್ರ ಸರ್ಕಾರದ 1965ರ ನಿಯಮ ಹೇಳುತ್ತದೆ. ಅರವತ್ತು ವರ್ಷದ ಹಿಂದಿನ ನಿಯಮ! ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆದು ಹಿಂಸಿಸಿದ ಮೊದಲ ತಪ್ಪಿಗೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಬಾರಾತ್‌ನಲ್ಲಿ ಹಾರಿಸುವ ಒಂದು ನೋಟಿಗಿಂತ ಕಡಿಮೆ. ಅದಕ್ಕೇ ಯಾರಿಗೂ ಭಯವಿಲ್ಲ. ಕಾನೂನಿಗೆ ಕಾಯುವ ಬದಲು ಬಾಡಿಗೆ ಕೊಡುವ ನಾವೇ ಬಿಗಿಯಾಗಬೇಕು.

ಮುಂದಿನ ಮದುವೆಗೆ ಕುದುರೆ ಗೊತ್ತು ಮಾಡುವಾಗ ನಾಲ್ಕು ಕೆಲಸ ಮಾಡಿ. ‘ಎಷ್ಟು ಕುಣಿತದ’ ಎಂದು ಕೇಳಬೇಡಿ, ‘ಎಷ್ಟೊತ್ತು ನಿಲ್ತದ’ ಎಂದು ಕೇಳಿ. ಅಡ್ವಾನ್ಸ್ ಕೊಡುವ ಮುಂಚೆ ಮಾಲೀಕನೇ ಹತ್ತಿ, ಲಗಾಮು ಸಡಿಲ ಬಿಟ್ಟು ಒಂದು ನಿಮಿಷ ನಿಲ್ಲಿಸಿ ತೋರಿಸಲಿ. ಬಾಯಿ ತೆರೆಸಿ ಹಲ್ಲು, ಕಡಿವಾಣ, ತುಟಿಯ ಮೂಲೆಯ ಗಾಯ ನೋಡಿ. ಡಿಜೆ ಗಾಡಿ ಕುದುರೆಯಿಂದ ದೂರ ಇರಬೇಕು, ಕುದುರೆ ಹಿಂದೆ ಪಟಾಕಿ ಇಲ್ಲ ಎಂದು ಮೊದಲೇ ಮಾತಾಡಿ.

ಇಷ್ಟನ್ನು ಹತ್ತು ಮನೆಯವರು ಕೇಳಿದರೆ ಸಾಕು. ಬಾಡಿಗೆ ನಿಂತ ಕುದುರೆಗೆ ಸಿಗುತ್ತದೆ ಎಂದು ಗೊತ್ತಾದ ದಿನ, ನಿಲ್ಲುವುದನ್ನು ಕಲಿಸಲು ಎಲ್ಲರಿಗೂ ಟೈಮ್ ಸಿಗುತ್ತದೆ.