ಲೆಕ್ಕದ ಆಟ ಮೊಬೈಲಿನಲ್ಲೋ, ಮಣೆಯ ಮೇಲೋ?

‘ಡಾಕ್ಟ್ರೇ, ಮೊಬೈಲಿನಲ್ಲಿ ಲೆಕ್ಕದ ಆಟ ಆಡಿದರೆ ಮಗುವಿಗೆ ತೊಂದರೆ ಇಲ್ಲ ಅಲ್ವಾ?’ ಎಂದು ಕೇಳುವ ತಾಯಂದಿರು ಈಚೆಗೆ ಹೆಚ್ಚಾಗಿದ್ದಾರೆ. ಹೊಳಲ್ಕೆರೆಯ ಅಡಿಕೆ ತೋಟದವರೂ ಕೇಳುತ್ತಾರೆ, ಹಿರಿಯೂರಿನ ಅಂಗಡಿಯವರೂ ಕೇಳುತ್ತಾರೆ. ಕೇಳುವ ಧಾಟಿಯಲ್ಲೇ ವೈದ್ಯರ ಒಪ್ಪಿಗೆಯೊಂದು ಸಿಕ್ಕಿಬಿಡಲಿ ಎಂಬ ಆಸೆ ಇರುತ್ತದೆ. ಕಾರ್ಟೂನು ನೋಡಿದರೆ ಗದರುವ ಮನೆಗಳಲ್ಲಿ ಕೂಡುವ, ಕಳೆಯುವ ಆಟಕ್ಕೆ ಮಾತ್ರ ಪೂರಾ ರಿಯಾಯಿತಿ ಉಂಟು.

ಇಂಥ ಆಟಗಳಿಗೆ ನಾನು ವಿರೋಧಿಯಲ್ಲ. ಇವುಗಳಿಂದ ಮಕ್ಕಳು ಕಲಿಯುತ್ತಾರೆ ಎನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. ಗುಜರಾತಿನ ವಡೋದರಾ ನಗರದ ಶಾಲೆಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸಿ ಗಣಿತದ ಆಟ ಆಡಿಸಿದರು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಇದನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಗಣಿತದ ಅಂಕಗಳು ಚೆನ್ನಾಗಿಯೇ ಏರಿದ್ದವು. ಆದರೆ ಆಟ ನಿಂತು ಒಂದು ವರ್ಷವಾಗುವಷ್ಟರಲ್ಲಿ ಆ ಲಾಭದ ಬಹುಪಾಲು ಕರಗಿತ್ತು. ಅದೇ ಗುಜರಾತಿನಲ್ಲಿ ಲೀ ಲಿಂಡೆನ್ ಎಂಬುವರು ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಮೇಷ್ಟ್ರ ಪಾಠದ ಹೊತ್ತನ್ನು ಕಸಿದು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು. ಶಾಲೆ ಬಿಟ್ಟ ಮೇಲೆ ಹೆಚ್ಚುವರಿಯಾಗಿ ಆಡಿಸಿದಾಗ ಮುಂದೆ ಬಂದರು.

ನಮ್ಮ ರಾಜ್ಯಕ್ಕೂ ಇದು ಹೊಸದೇನಲ್ಲ. 2000ದ ದಶಕದ ಆರಂಭದಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕನ್ನಡದಲ್ಲಿ ಇಂಥ ಸಿ.ಡಿ.ಗಳನ್ನು ಮಾಡಿ ಸರಕಾರಿ ಶಾಲೆಗಳಿಗೆ ಕೊಟ್ಟಿತ್ತು. ಮುಂದೆ ಆ ಸಂಸ್ಥೆ ತನ್ನ ಒತ್ತನ್ನು ಶಿಕ್ಷಕರ ತರಬೇತಿಯ ಕಡೆಗೆ ತಿರುಗಿಸಿತು. ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಗಣಿತದ ಆಟ ಕನ್ನಡದಲ್ಲಿ ಉಚಿತವಾಗಿ ಸಿಗುತ್ತದೆ. ಅದೇ ಸಂಸ್ಥೆ ‘ಗಣಿತ ಕಲಿಕಾ ಆಂದೋಲನ’ದಲ್ಲಿ ಸರಕಾರಿ ಶಾಲೆಗಳಿಗೆ ಮಣಿ, ಅಳತೆಪಟ್ಟಿ ಮುಂತಾದ ಕೈಯಲ್ಲಿ ಹಿಡಿಯುವ ಸಾಮಾನಿನ ಪೆಟ್ಟಿಗೆಯನ್ನೂ ಒದಗಿಸಿದೆ. ಮೊಬೈಲ್ ಆಟ ಮಾಡಿದವರೇ ಮಣಿಯನ್ನೂ ಕೊಟ್ಟಿದ್ದಾರೆ ಎಂಬುದನ್ನು ತಂದೆ ತಾಯಿಗಳು ಗಮನಿಸಬೇಕು.

ಏಕೆಂದರೆ ನಾಲ್ಕೈದು ವರ್ಷದ ಮಗುವಿಗೆ ಏಳು ಎಂಬುದು ಮೊದಲು ಕೈಗೆ ಸಿಗಬೇಕು. ನಮ್ಮ ಅಜ್ಜಿಯರ ಅಳಗುಳಿಮಣೆಯಲ್ಲಿ ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಹುಣಸೆಬೀಜ ಒಂದೊಂದಾಗಿ ಹಾಕುತ್ತ ಹೋಗುವಾಗ ಯಾವ ಗುಳಿಯಲ್ಲಿ ಮುಗಿಯುತ್ತದೆಂದು ಮಗು ಮೊದಲೇ ಎಣಿಸಿಕೊಳ್ಳುತ್ತದೆ. ಚೌಕಾಬಾರದಲ್ಲಿ ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ತಪ್ಪು ಎಣಿಸಿದರೆ ಎದುರಿಗೆ ಕೂತ ಅಕ್ಕನೋ ಅಜ್ಜಿಯೋ ಬಿಡುವುದಿಲ್ಲ, ‘ಇನ್ನೊಂದ್ಸಲ ಎಣಿಸು’ ಎನ್ನುತ್ತಾರೆ. ಮೊಬೈಲಿನಲ್ಲಿ ತಪ್ಪಾದರೆ ಟುಂಯ್ ಎಂದು ಸದ್ದಾಗುತ್ತದೆ, ಮಗು ಇನ್ನೊಂದು ಚೌಕ ಒತ್ತುತ್ತದೆ. ನಾಲ್ಕು ಉತ್ತರಗಳಲ್ಲಿ ಮೂರು ಒತ್ತಿದರೆ ನಾಲ್ಕನೆಯದು ಸರಿ ಎಂದು ಕಲಿಯುವುದೂ ಒಂದು ಬುದ್ಧಿವಂತಿಕೆಯೇ. ಅದನ್ನು ಗಣಿತ ಎನ್ನಲಾಗದು, ಅಷ್ಟೇ. ಸಂದೇಹವಿದ್ದರೆ ಮೊಬೈಲು ಎತ್ತಿಟ್ಟು ಒಂದು ಹಿಡಿ ಶೇಂಗಾ ಮುಂದಿಟ್ಟು ‘ಏಳಕ್ಕೆ ಐದು ಸೇರಿಸು’ ಎಂದು ಹೇಳಿ ನೋಡಿ.

ಇನ್ನು ಕಣ್ಣಿನ ವಿಚಾರ. ನಿಮಿಷಕ್ಕೆ ಹದಿನೈದರಷ್ಟು ಸಲ ಮಿಟುಕುವ ಕಣ್ಣು ಪರದೆ ನೋಡುವಾಗ ಅದರ ಅರ್ಧಕ್ಕೋ ಇನ್ನೂ ಕಡಿಮೆಗೋ ಇಳಿಯುತ್ತದೆ. ಆಮೇಲೆ ಉರಿ, ಕಣ್ಣುಜ್ಜಿಕೊಳ್ಳುವುದು, ತಲೆನೋವು. ಆಟ ಗಣಿತದ್ದೋ ಹಾವಿನದ್ದೋ ಕಣ್ಣಿಗೆ ಗೊತ್ತಾಗದು! ಎರಡು ವರ್ಷದೊಳಗಿನ ಮಗುವಿಗೆ ಪರದೆಯೇ ಬೇಡ, ಎರಡರಿಂದ ಐದು ವರ್ಷದವರಿಗೆ ಎಲ್ಲ ಪರದೆಯೂ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದು, ಐದರಿಂದ ಹತ್ತರವರೆಗೆ ಎರಡು ಗಂಟೆಗಿಂತ ಕಡಿಮೆ ಇರಲಿ ಎಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ಲೆಕ್ಕದ ಆಟಕ್ಕೆ ಇದರಲ್ಲಿ ಪ್ರತ್ಯೇಕ ಖಾತೆ ಇಲ್ಲ. ನನ್ನ ಪ್ರಕಾರ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಧಾರಾಳವಾಯಿತು. ಇಬ್ಬರು ಮಕ್ಕಳು ಜತೆಗೆ ಆಡಲಿ, ಉತ್ತರವನ್ನು ಬಾಯಿಬಿಟ್ಟು ಹೇಳಲಿ. ನಂತರ ಬಯಲಿಗೆ ಕಳಿಸಿ. ದಿನವೂ ಹೊರಗೆ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಹಲವು ದೇಶಗಳಲ್ಲಿ ಕಂಡುಬಂದ ಸಂಗತಿ. ನಮ್ಮ ಜಿಲ್ಲೆಯಲ್ಲಿ ಬಿಸಿಲಿಗಂತೂ ಬರವಿಲ್ಲ. ಸಂಜೆಯ ಹೊತ್ತು ಸಾಕು.

ನನ್ನ ನಿಜವಾದ ಆತಂಕ ಬೇರೆ. ‘ಮಗ ಲೆಕ್ಕದಲ್ಲಿ ಹಿಂದೆ, ಅದಕ್ಕೇ ಮೊಬೈಲ್ ಕೊಡಿಸಿದೆವು’ ಎನ್ನುವ ಹೊಸದುರ್ಗದ ಕಡೆಯ ತೆಂಗಿನ ತೋಟದ ಯಜಮಾನರಿಗೆ ನಾನು ಕೇಳುವುದು, ಅವನ ಕಣ್ಣು ತೋರಿಸಿದ್ದೀರಾ, ರಕ್ತ ಪರೀಕ್ಷೆ ಮಾಡಿಸಿದ್ದೀರಾ ಎಂದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಕಬ್ಬಿಣದ ಅಂಶ ಕಡಿಮೆಯಾದ ಮಗುವಿಗೆ ಗಮನ ನಿಲ್ಲದು, ಬೇಗ ದಣಿಯುತ್ತದೆ. ಕಪ್ಪುಹಲಗೆ ಮಸುಕಾಗಿ ಕಾಣುವ ಮಗು 6 ಅನ್ನು 8 ಎಂದು ಬರೆದುಕೊಳ್ಳುತ್ತದೆ. ಪದೇ ಪದೇ ಕಿವಿ ಸೋರುವ ಮಗುವಿಗೆ ಮೇಷ್ಟ್ರ ಮಾತು ಅರ್ಧವೇ ಕೇಳುತ್ತದೆ. ಇವಕ್ಕೆಲ್ಲ ಯಾವ ಆಟದಲ್ಲೂ ಮದ್ದಿಲ್ಲ.

ಕಣ್ಣು, ಕಿವಿ, ರಕ್ತ ಎಲ್ಲವೂ ಸರಿಯಿದ್ದು, ಉಳಿದ ವಿಷಯದಲ್ಲಿ ಚುರುಕಾಗಿದ್ದು, ಎಂಟು ವರ್ಷವಾದರೂ ಒಂದಂಕಿಯ ಕೂಡುವ ಲೆಕ್ಕಕ್ಕೆ ಮಗು ತಡವರಿಸುತ್ತಿದ್ದರೆ ದಡ್ಡನೆಂದು ಹೊಡೆಯಬೇಡಿ. ಅದು ಕಲಿಕೆಯ ನಿರ್ದಿಷ್ಟ ತೊಂದರೆ ಇರಬಹುದು. ಮೊದಲು ನಿಮ್ಮ ಮಕ್ಕಳ ವೈದ್ಯರನ್ನು ಕಾಣಿ; ಅಗತ್ಯವೆನಿಸಿದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆಗೆ ಚೀಟಿ ಬರೆದುಕೊಡುತ್ತಾರೆ. ಹೋಗುವಾಗ ಮಗುವಿನ ಲೆಕ್ಕದ ನೋಟ್‌ಬುಕ್ಕನ್ನು ಮರೆಯದೆ ಒಯ್ಯಿರಿ.