ಸಮಯದ ಅಭಾವ ಯಾರಿಗೆ?

ನಮ್ಮ ನಾಡಿನ ವಿಚಾರ ಸಂಕಿರಣಗಳ ಹಣೆಬರಹವೆಲ್ಲ ನಿರೂಪಕರ ಒಂದು ವಾಕ್ಯದಲ್ಲಿ ಅಡಗಿದೆ: 'ಸಮಯದ ಅಭಾವದಿಂದ ಪ್ರಶ್ನೋತ್ತರವನ್ನು ಕೈಬಿಡಲಾಗಿದೆ.' ಬೆಳಿಗ್ಗೆ ಹತ್ತೂವರೆಗೆಂದು ಕರೆಪತ್ರದಲ್ಲಿ ಅಚ್ಚಾದ ಕಾರ್ಯಕ್ರಮ ಹನ್ನೆರಡಕ್ಕೆ ಆರಂಭವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಹಾರ ತುರಾಯಿ, ನೆನಪಿನ ಕಾಣಿಕೆ, ಇವೆಲ್ಲಕ್ಕೂ ಸಮಯವಿರುತ್ತದೆ. ಮುಖ್ಯ ಅತಿಥಿಗಳು ತಡವಾಗಿ ಬಂದು ಬೇಗ ಹೊರಡುವುದಕ್ಕೂ ಸಮಯವಿರುತ್ತದೆ. 'ಸಂಸ್ಕೃತಿ ಮತ್ತು ತಂತ್ರಜ್ಞಾನ' ಎಂದೋ 'ವಿಜ್ಞಾನ ಮತ್ತು ಸಮಾಜ' ಎಂದೋ ಹೆಸರಿಟ್ಟ ಆ ಸಭೆಯಲ್ಲಿ ಸಮಾಜದ ಬಾಯಿಂದ ಒಂದು ಪ್ರಶ್ನೆ ಬರುವುದಕ್ಕೆ ಮಾತ್ರ ಸಮಯವಿರುವುದಿಲ್ಲ. ವಂದನಾರ್ಪಣೆ ಮುಗಿದು ಎಲ್ಲರೂ ಊಟಕ್ಕೆ ಏಳುತ್ತಾರೆ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, 'ಅರ್ಥಪೂರ್ಣ ಚರ್ಚೆ ನಡೆಯಿತು' ಎಂಬ ವರದಿಯೂ ಬರುತ್ತದೆ.

ಇದು ಬರಿಯ ಶಿಷ್ಟಾಚಾರದ ದೋಷವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮ ಬೆಟ್ಟದೊಳಗೆ ಸುರಂಗ ಕೊರೆಯುವ, ನಮ್ಮ ಊರಿನ ಮಗ್ಗುಲಲ್ಲಿ ಕಾರ್ಖಾನೆ ಕಟ್ಟುವ, ನಮ್ಮ ಬೀಜದೊಳಗೆ ಬೇರೊಂದು ಜೀವಿಯ ವಂಶವಾಹಿಯನ್ನು ಸೇರಿಸುವ ತೀರ್ಮಾನಗಳಿಗೂ ಈಗ 'ಸಾರ್ವಜನಿಕ ಚರ್ಚೆ'ಯ ಮುದ್ರೆ ಬೇಕಾಗಿದೆ. ಆ ಮುದ್ರೆ ಒತ್ತುವ ಸಭೆಯೂ ಸನ್ಮಾನ ಸಮಾರಂಭದ ಅಚ್ಚಿನಲ್ಲಿಯೇ ಎರಕಗೊಳ್ಳುತ್ತಿದೆ. ಆದುದರಿಂದ ಸ್ಪಷ್ಟವಾಗಿ ಹೇಳಬೇಕು: ದುಡಿಯುವವರು ಬರಲಾಗದ ಹೊತ್ತಿನಲ್ಲಿ, ಅವರಿಗೆ ತಿಳಿಯದ ಭಾಷೆಯಲ್ಲಿ, ಉತ್ತರಿಸುವ ಹೊಣೆ ಯಾರಿಗೂ ಇಲ್ಲದಂತೆ ನಡೆಯುವ ಸಭೆಯನ್ನು ಸಾರ್ವಜನಿಕ ಸಭೆಯೆಂದು ಕರೆಯುವುದು ಸುಳ್ಳು.

ಈ ಮಾತಿಗೆ ಬೀದರ್ ಜಿಲ್ಲೆಯ ನೆರೆಹೊರೆಯ ಎರಡು ತಾಲ್ಲೂಕುಗಳನ್ನು ಸಾಕ್ಷಿಗೆ ಕರೆಯುತ್ತಿದ್ದೇನೆ: ಬಸವಕಲ್ಯಾಣ ಮತ್ತು ಹುಮನಾಬಾದ್. ಘಟ್ಟದ ಪತ್ರಿಕೆಗೆ ಬಯಲುಸೀಮೆಯ ಗೊಡವೆ ಏಕೆಂದು ಓದುಗರು ಕೇಳಬಹುದು. ಚರ್ಚೆಯೆಂದರೇನು ಎಂಬುದನ್ನು ಒಂದು ಊರು ಕನ್ನಡಿಗರಿಗೆ ಕಲಿಸಿತು. ಚರ್ಚೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇನ್ನೊಂದು ಊರು ಕಲಿಸುತ್ತಿದೆ. ಎರಡು ಪಾಠಗಳೂ ನಮಗೆ ಬೇಕು.

ಕಲ್ಯಾಣದ ಮಂಟಪ

ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಮಲೆನಾಡಿನ ಸೆರಗಿನವರು ಹೊರಗಿನವರಾಗಿರಲಿಲ್ಲ. ಅನುಭವ ಮಂಟಪದ ಶೂನ್ಯಪೀಠವನ್ನು ಏರಿದ ಅಲ್ಲಮಪ್ರಭು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವರು. ಎರಡು ಊರುಗಳೂ ಇಂದಿನ ಶಿಕಾರಿಪುರ ತಾಲ್ಲೂಕಿನವು. ಅಲ್ಲಿ ನೆರೆದವರು ಯಾರು? ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಹೊಲ ಉಳುವ ಒಕ್ಕಲಿಗ ಮುದ್ದಣ್ಣ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಮತ್ತು ಲಕ್ಕಮ್ಮ. ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪದೆ, ಅದನ್ನು ತಂದಲ್ಲಿಗೇ ಸುರಿದು ಬರುವಂತೆ ಕಳುಹಿಸಿದ ಪ್ರಸಂಗ ಪ್ರಸಿದ್ಧ. ಎಷ್ಟು ಬೇಕು, ಎಷ್ಟು ಹೆಚ್ಚು ಎಂಬ ಈ ಪ್ರಶ್ನೆಯನ್ನು ನಮ್ಮ ವಿಶ್ವವಿದ್ಯಾಲಯಗಳು ಈಗ 'ಸುಸ್ಥಿರ ಅಭಿವೃದ್ಧಿ' ಎಂಬ ಹೆಸರಿನಲ್ಲಿ ಬೋಧಿಸುತ್ತಿವೆ.

ಆ ಮಂಟಪದ ಸಂವಾದಗಳನ್ನು ಮುಂದೆ ಹದಿನೈದನೆಯ ಶತಮಾನದಲ್ಲಿ 'ಶೂನ್ಯಸಂಪಾದನೆ' ಒಟ್ಟುಗೂಡಿಸಿತು. ಅದರಲ್ಲಿ ಭಾಷಣಕ್ಕಿಂತ ಪ್ರಶ್ನೆ ಮುಖ್ಯ. ತುಂಬಿದ ಸಭೆಯಲ್ಲಿ ಅಲ್ಲಮರು ಅಕ್ಕನನ್ನು ನಿಷ್ಠುರವಾಗಿ ಪರೀಕ್ಷಿಸುತ್ತಾರೆ. ಅಕ್ಕ ಒಂದೊಂದಕ್ಕೂ ಉತ್ತರ ಕೊಡುತ್ತಾರೆ. ಅಲ್ಲಿನ ಮಾತು ಮಾತಾಗಿಯೇ ಉಳಿಯಲೂ ಇಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರೆಂದು ಪರಂಪರೆ ಹೇಳುತ್ತದೆ. ಅಧಿಕಾರ ಹೆದರಿದ್ದು ಆಚರಣೆಗೆ ಇಳಿದ ಚರ್ಚೆಗೆ.

ಅನುಭವ ಮಂಟಪವೆಂಬ ಕಟ್ಟಡ ನಿಜವಾಗಿ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಆ ಪ್ರಶ್ನೆಗಳು ಇದ್ದುವೆಂಬುದಕ್ಕೆ ವಚನಗಳೇ ಆಧಾರ. ಕಟ್ಟಡವಿಲ್ಲದೆಯೂ ಮಂಟಪ ಉಳಿಯಬಲ್ಲುದು, ಪ್ರಶ್ನೆಯಿಲ್ಲದೆ ಉಳಿಯಲಾರದು.

ಇದನ್ನು ನೆನಪಿಸಲು ಕಾರಣವಿದೆ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಮೊದಲು 500 ಕೋಟಿ ರೂಪಾಯಿ ಎಂದಿದ್ದ ಅಂದಾಜು ಮುಂದೆ 600 ಕೋಟಿಯನ್ನು ದಾಟಿತು. 770 ಅಮರಗಣಂಗಳ ನೆನಪಿಗೆ 770 ಕಂಬಗಳು, 770 ಆಸನಗಳ ಸಭಾಂಗಣ ಅದರ ವಿನ್ಯಾಸದಲ್ಲಿವೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸ್ಮಾರಕ ಬೇಡವೆಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಆ 770 ಆಸನಗಳಲ್ಲಿ ಕುಳಿತುಕೊಳ್ಳುವವರು ಯಾರು, ಯಾವ ಹೊತ್ತಿನಲ್ಲಿ? ಸೋಯಾ ಕೊಯ್ಯುವ ಹೆಣ್ಣುಮಗಳು ಅಲ್ಲಿ ಎದ್ದು ನಿಂತು ಜಿಲ್ಲಾಧಿಕಾರಿಯನ್ನು ಪ್ರಶ್ನಿಸಬಹುದೇ? ಪ್ರಶ್ನಿಸಿದರೆ ಉತ್ತರ ಸಿಕ್ಕೀತೇ?

ಹುಮನಾಬಾದಿನ ಗಾಳಿ

ಬಸವಕಲ್ಯಾಣದ ಪೂರ್ವಕ್ಕೆ, ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ ಹುಮನಾಬಾದ್ ಇದೆ. ಅದರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ದುರ್ವಾಸನೆ ಮತ್ತು ಕೆಟ್ಟ ಕೊಳವೆಬಾವಿ ನೀರಿನ ಬಗ್ಗೆ ಸುತ್ತಣ ಹಳ್ಳಿಗಳವರು ವರ್ಷಗಳಿಂದ ದೂರುತ್ತಿದ್ದಾರೆ.

ಇಂಥ ಎಡೆಗಳಲ್ಲೆಲ್ಲ ಕೇಳಿಬರುವ ದೂರು ಒಂದೇ: ವಾಸನೆ ರಾತ್ರಿ ಬರುತ್ತದೆ, ಅಧಿಕಾರಿಗಳು ಹಗಲು ಬರುತ್ತಾರೆ. ಇದನ್ನು ಹಳ್ಳಿಗರ ಭ್ರಮೆಯೆಂದು ತಳ್ಳಿಹಾಕುವವರು ಸ್ವಲ್ಪ ಭೌತವಿಜ್ಞಾನ ಓದಬೇಕು. ಹಗಲಿನಲ್ಲಿ ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಗಾಳಿ ಮೇಲೇರಿ ಅನಿಲಗಳನ್ನು ಚದುರಿಸುತ್ತದೆ. ನಿರ್ಮಲ ಆಕಾಶದ ರಾತ್ರಿಗಳಲ್ಲಿ, ಅದರಲ್ಲೂ ಚಳಿಗಾಲದಲ್ಲಿ, ನೆಲ ಬೇಗ ತಣಿದು ತಂಪಾದ ಭಾರದ ಗಾಳಿ ಕೆಳಗೆ ಉಳಿಯುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ. ಅದೇ ಪ್ರಮಾಣದ ಆವಿ ಹೊರಬಿದ್ದರೂ ರಾತ್ರಿ ಅದು ಊರಿನ ಮೇಲೆಯೇ ನಿಲ್ಲುತ್ತದೆ. ಮಧ್ಯಾಹ್ನದ ಅಳತೆಯನ್ನು ಮುಂದಿಟ್ಟು 'ಎಲ್ಲವೂ ಮಿತಿಯೊಳಗಿದೆ' ಎನ್ನುವುದು ಅರ್ಧ ವಿಜ್ಞಾನ.

ನೀರಿನ ಕಥೆಯೂ ಹಾಗೆಯೇ. ಬೀದರ್ ಸೀಮೆಯಲ್ಲಿ ಮೇಲೆ ಜಂಬಿಟ್ಟಿಗೆ, ಅದರಡಿ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ. ರಂಧ್ರಮಯವಾದ ಜಂಬಿಟ್ಟಿಗೆ ನೀರನ್ನು ಸುಲಭವಾಗಿ ಕೆಳಗೆ ಬಿಡುತ್ತದೆ. ಬಸಾಲ್ಟಿನಲ್ಲಿ ನೀರು ಬಿರುಕುಗಳ ಗುಂಟ ಹರಿಯುತ್ತದೆ. ಹೀಗಾಗಿ ಒಂದು ಬಾವಿ ಶುದ್ಧವಾಗಿದ್ದು ಮಗ್ಗುಲ ಬಾವಿ ಕೆಟ್ಟಿರುವುದು ಸಾಧ್ಯ. ಯಾವ ಬಾವಿಯ ನೀರು ತೆಗೆಯಬೇಕೆಂದು ಅಲ್ಲಿಯ ರೈತನಿಗೆ ಗೊತ್ತು. ಯಾವ ದ್ರಾವಕಗಳನ್ನು ಬಳಸುತ್ತೀರಿ? ದಿನಕ್ಕೆ ಎಷ್ಟು ತ್ಯಾಜ್ಯ ನೀರು? ಅದನ್ನು ಆವಿ ಮಾಡಿದ ಮೇಲೆ ಉಳಿಯುವ ಉಪ್ಪು ಎಲ್ಲಿಗೆ ಹೋಗುತ್ತದೆ? ಈ ಮೂರು ಪ್ರಶ್ನೆ ಕೇಳಲು ಯಾವ ಪದವಿಯೂ ಬೇಕಿಲ್ಲ. ಬೇಕಾದದ್ದು ಉತ್ತರ ಸಿಗುವ ಒಂದು ಸಭೆ.

ಆದರೆ ಅಂಥ ಸಭೆಯ ಬಾಗಿಲನ್ನು ಕಾನೂನೇ ಕಿರಿದಾಗಿಸಿದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಅನುಮೋದಿತ ಕೈಗಾರಿಕಾ ಪ್ರದೇಶಗಳೊಳಗಿನ ಯೋಜನೆಗಳಿಗೆ ಜನಾಭಿಪ್ರಾಯ ಸಂಗ್ರಹದಿಂದ ವಿನಾಯಿತಿ ಕೊಟ್ಟಿತು. 2020ರ ಮಾರ್ಚ್ 27ರಂದು, ಕೊರೊನಾದ ಕಾರಣ ಹೇಳಿ, ಔಷಧಗಳ ಮೂಲದ್ರವ್ಯ ತಯಾರಿಸುವ ಯೋಜನೆಗಳನ್ನು ಕೆಲಕಾಲದ ಮಟ್ಟಿಗೆ ಅಹವಾಲು ಸಭೆ ಬೇಡದ ವರ್ಗಕ್ಕೆ ಇಳಿಸಲಾಯಿತು. ಅದೇ ವರ್ಷದ ಹೊಸ ಕರಡು ಅಧಿಸೂಚನೆ ಸಭೆಯ ಮುನ್ಸೂಚನೆಯನ್ನು 30 ದಿನಗಳಿಂದ 20ಕ್ಕೆ ಇಳಿಸಲು ಹೊರಟಿತ್ತು. ಆ ಕರಡು ಪ್ರಕಟವಾದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಉಳಿದ ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಉಚ್ಚ ನ್ಯಾಯಾಲಯ 2020ರ ಜೂನ್ 30ರಂದು ಆದೇಶಿಸಬೇಕಾಯಿತು. ಕನ್ನಡಿಗನ ಬಾವಿಯ ಬಗ್ಗೆ ಕನ್ನಡಿಗನಿಗೆ ಹೇಳಲು ನ್ಯಾಯಾಲಯದ ಆದೇಶ ಬೇಕೆ?

ಕೋರಂ ಇಲ್ಲದ ಸಭೆ

ಅಹವಾಲು ಸಭೆ ನಡೆದರೂ ಅದರ ಬಲವೆಷ್ಟು? ಗ್ರಾಮಸಭೆಗೆ ಕೋರಂ ಉಂಟು. ಆದರೆ 2006ರ ಅಧಿಸೂಚನೆಯ ಅಹವಾಲು ಸಭೆಗೆ ಕೋರಂ ಬೇಕಿಲ್ಲವೆಂದು ಆ ಅಧಿಸೂಚನೆಯೇ ಹೇಳುತ್ತದೆ. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸುತ್ತಾರೆ, ಚಿತ್ರೀಕರಣವಾಗುತ್ತದೆ, ಮಾತುಗಳನ್ನು ಬರೆದುಕೊಳ್ಳಲಾಗುತ್ತದೆ. ಮತದಾನವಿಲ್ಲ. ನಿಮ್ಮ ಪ್ರಶ್ನೆಗೆ ಏನಾಯಿತೆಂದು ಮರಳಿ ಬಂದು ಹೇಳುವ ಇನ್ನೊಂದು ಸಭೆಯೂ ಇಲ್ಲ.

ಘಟ್ಟದ ನಮಗೆ ಇದು ಪರಕೀಯ ಸಂಗತಿಯೇನಲ್ಲ. 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಅಹವಾಲು ಸಭೆಗಳು ನಡೆದಾಗ ಜನ ಕೆಲಸ ಬಿಟ್ಟು ಬಂದು ಪ್ರಬಲವಾಗಿ ವಿರೋಧಿಸಿದರು. ಒಂದು ದಿನದ ಕೂಲಿ, ತೋಟದ ಕೆಲಸ, ದನದ ಹುಲ್ಲು ಎಲ್ಲವನ್ನೂ ಬಿಟ್ಟು ಬಂದವರ ಮಾತು ಕಡತದ 'ಅಭಿಪ್ರಾಯ' ಮಾತ್ರ. ಸಂಬಳ ಪಡೆದು ಬಂದವರ ವರದಿ 'ದತ್ತಾಂಶ'.

'ಇವು ತಾಂತ್ರಿಕ ವಿಷಯಗಳು, ಹಳ್ಳಿಗರಿಗೆ ತಿಳಿಯುವುದಿಲ್ಲ' ಎಂಬುದು ನಮ್ಮ ವಿಜ್ಞಾನಿ ಬಳಗದ ಹಳೆಯ ಆಕ್ಷೇಪ. ಹುಮನಾಬಾದಿನಿಂದ ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್ ಸಿಗುತ್ತದೆ. ಅಲ್ಲಿಗೆ ಸಮೀಪದ ಆಲ್ಗೋಲ್ ಗ್ರಾಮದಲ್ಲಿ 2001ರಲ್ಲಿ 'ಪ್ರಜಾತೀರ್ಪು' ನಡೆಯಿತು. ಸಣ್ಣ ರೈತರೇ ಬಹುಸಂಖ್ಯೆಯಲ್ಲಿದ್ದ, ಮಹಿಳೆಯರೇ ಹೆಚ್ಚಾಗಿದ್ದ 19 ಜನರ ತೀರ್ಪುಗಾರ ಮಂಡಳಿ ಆಂಧ್ರ ಸರ್ಕಾರದ 'ವಿಷನ್ 2020' ಕೃಷಿ ನೀತಿಯನ್ನು ದಿನಗಟ್ಟಲೆ ಪರಿಶೀಲಿಸಿತು. ವಿಜ್ಞಾನಿಗಳು, ಅಧಿಕಾರಿಗಳು, ಕಂಪನಿಯವರು ಸಾಕ್ಷಿಗಳಾಗಿ ಬಂದರು, ರೈತರು ಪ್ರಶ್ನಿಸಿದರು. ಕುಲಾಂತರಿ ಬೆಳೆ, ಗುತ್ತಿಗೆ ಕೃಷಿ, ಕೂಲಿ ಕಸಿಯುವ ಯಂತ್ರೀಕರಣ ಬೇಡವೆಂದು ತೀರ್ಪಿತ್ತರು. ಆ ತೀರ್ಪನ್ನು ಒಪ್ಪದವರೂ ಇದ್ದಾರೆ. ಆದರೆ ಅಕ್ಷರ ಬಾರದವರು ಕೃಷಿ ತಂತ್ರಜ್ಞಾನವನ್ನು ವಿಚಾರಣೆಗೆ ಒಳಪಡಿಸಬಲ್ಲರು ಎಂಬುದು ಅಲ್ಲಿ ಸಿದ್ಧವಾಯಿತು.

ಬಿಟಿ ಬದನೆಯ ಉದಾಹರಣೆ ಇನ್ನೂ ಹತ್ತಿರದ್ದು. ತಜ್ಞರ ಸಮಿತಿ 2009ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತ್ತು. ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಬಹಿರಂಗ ಸಭೆ ನಡೆಸಿದರು. ಕೊನೆಯದು 2010ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ. ಮೂರು ದಿನಗಳ ಬಳಿಕ ತಡೆ ಬಿದ್ದಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಬಿಟಿ ವಂಶವಾಹಿ ಸೇರಿಸಲು ಆರಿಸಿಕೊಂಡಿದ್ದ ಸ್ಥಳೀಯ ತಳಿಗಳಲ್ಲಿ ಉಡುಪಿಯ ಗುಳ್ಳವೂ ಇತ್ತು. ಗದ್ದಲವಾಯಿತು, ಕೂಗಾಟವಾಯಿತು ಎಂದು ಆ ಸಭೆಗಳನ್ನು ಹಳಿದವರುಂಟು. ಗದ್ದಲವಾಯಿತು, ನಿಜ, ಆದರೆ ಸಚಿವರು ತೀರ್ಮಾನದ ಕಾರಣಗಳನ್ನು ಬರೆದು ಪ್ರಕಟಿಸಿದರು. ಉತ್ತರ ಕೊಡುವ ಸಭೆಯ ಲಕ್ಷಣ ಅದು.

ಏನು ಮಾಡಬೇಕು?

'ಹಗಲು ಸಭೆ ಬೇಡವೆಂದರೆ ರಾತ್ರಿ ಸಭೆಗೆ ಹೆಂಗಸರು, ಮುದುಕರು ಬರಲಾದೀತೇ?' ಎಂಬ ಪ್ರಶ್ನೆ ನ್ಯಾಯವಾದದ್ದು. ಹಗಲು ಬೇಕು. ಆದರೆ ಆ ಹಗಲನ್ನು ಆರಿಸುವವರು ಊರಿನವರಾಗಬೇಕು. ಬೀದರಿನಲ್ಲಿ ಸೋಯಾ, ತೊಗರಿಯ ಕೊಯ್ಲು, ನಮ್ಮಲ್ಲಿ ಅಡಿಕೆ ಕೊಯ್ಲು, ಭತ್ತದ ನಾಟಿ ನಡೆಯುವ ವಾರಗಳಲ್ಲಿ ಸಭೆ ಕರೆಯುವುದೆಂದರೆ ಬರಬೇಡಿ ಎಂದಂತೆ. ವಾರದ ರಜೆ ಅಥವಾ ಸಂತೆಯ ದಿನ ನೋಡಿ, ಪಂಚಾಯಿತಿಯನ್ನು ಕೇಳಿ ದಿನ ಗೊತ್ತುಮಾಡಲಿ. ಕೂಲಿ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು ಯೋಜನೆಯವರೇ ಕೊಡಲಿ.

ಎರಡನೆಯದಾಗಿ, ಸಾರಾಂಶ ಮಾತ್ರವಲ್ಲದೆ ಇಡೀ ವರದಿ ಜನರ ಭಾಷೆಯಲ್ಲಿ ಸಿಗಲಿ. ಬೀದರಿನಲ್ಲಿ ಕನ್ನಡದ ಜೊತೆ ಉರ್ದು, ಮರಾಠಿಯಲ್ಲೂ ಬೇಕಾದೀತು. ಮೂರನೆಯದಾಗಿ, ಸಭೆಯ ಅರ್ಧ ಸಮಯ ಪ್ರಶ್ನೆಗೆ ಮೀಸಲಾಗಲಿ, ಅದೂ ಭಾಷಣಗಳಿಗಿಂತ ಮೊದಲು. ನಾಲ್ಕನೆಯದಾಗಿ, ಪ್ರತಿ ಪ್ರಶ್ನೆಗೂ ಲಿಖಿತ ಉತ್ತರ ಅದೇ ಊರಿನಲ್ಲಿ ನಡೆಯುವ ಎರಡನೆಯ ಸಭೆಯಲ್ಲಿ ಓದಲ್ಪಡಲಿ. ಅಲ್ಲಿಯವರೆಗೆ ಅನುಮತಿ ನಿಲ್ಲಲಿ.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಮುಂದಿನ ವಿಚಾರ ಸಂಕಿರಣದ ಕರೆಪತ್ರ ಅಚ್ಚಾಗುವ ಮೊದಲೇ ಪ್ರಶ್ನೋತ್ತರವನ್ನು ಮೊದಲ ಸಾಲಿಗೆ ತರಿಸಲಿ. ಊರಿನವರು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಪ್ರಶ್ನೆಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಪಡೆದುಕೊಂಡೇ ಮನೆಗೆ ಹೋಗಲಿ. ಬರೆಯಿಸಿದ ಪ್ರಶ್ನೆ ಕಡತದಲ್ಲಿ ಉಳಿಯುತ್ತದೆ. ಉತ್ತರ ಬರದಿದ್ದರೆ ಅದೂ ದಾಖಲೆಯೇ. ಕಲ್ಯಾಣದ ಕಾಯಕಜೀವಿಗಳು ಎಂಟುನೂರು ವರ್ಷಗಳ ಹಿಂದೆ ಕೇಳಿದ್ದು ನಮಗೆ ತಲುಪಿರುವುದು ಯಾರೋ ಅದನ್ನು ಬರೆದಿಟ್ಟದ್ದರಿಂದ.